ಸಾಕೆಟ್ ಏಳು

ಯಾವ ಸಾಮಾನನ್ನೇ ಆಗಲಿ, ಕೊಳ್ಳುವ ಮೊದಲು ಅವರು ಮೂಸಿ ನೋಡುತ್ತಿದ್ದರು. ಹುಣಸೆಹಣ್ಣನ್ನೋ ತುಪ್ಪವನ್ನೋ ಮೂಸಿದರೆ ಯಾರೂ ಏನೂ ಅನ್ನುವುದಿಲ್ಲ. ಇವರು ಮೂಸುತ್ತಿದ್ದುದು ಕಂಪ್ಯೂಟರಿನ ಬಿಡಿಭಾಗಗಳನ್ನು. ಸೇಲಂನ ನಮ್ಮ ಅಂಗಡಿಯಲ್ಲಿ ಒಂದು ಮಧ್ಯಾಹ್ನ ನಾಲ್ಕು ಪವರ್ ಸಪ್ಲೈ ಡಬ್ಬಿಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಡಿಸಿಕೊಂಡು, ಒಂದೊಂದರ ಫ್ಯಾನಿನ ಜಾಲರಿಗೂ ಮೂಗು ಹಚ್ಚಿ, ಮೂರನೆಯದನ್ನು ಪಕ್ಕಕ್ಕೆ ಸರಿಸಿದರು.

"ಇದು ಒಂದ್ಸಲ ಸುಟ್ಟೈತೆ ಕಣವ್ವಾ. ಯಾರೋ ರಿಪೇರಿ ಮಾಡಿ ಹೊಸಾ ಸ್ಟಿಕ್ಕರ್ ಅಂಟ್ಸವ್ರೆ" ಅಂದರು. ಅಲ್ಲ, ಹೊಸಾ ಅನ್ನಲಿಲ್ಲ, "ಒಸಾ" ಅಂದರು. ಅವರ ಮಾತನ್ನು ತಿದ್ದುವ ಚಟ ನನಗೆ ಇನ್ನೂ ಹೋಗಿಲ್ಲ ನೋಡಿ. ಅಂಗಡಿಯ ಮಾಲೀಕರು ನಕ್ಕುಬಿಟ್ಟರು. ಡಬ್ಬಿ ಮೂಸಿದವರು ಹೋದ ಮೇಲೆ ನಾನು ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಕಪ್ಪಗಾದ ಬೋರ್ಡಿನ ಮೇಲೆ ಹೊಸ ಬೆಸುಗೆ ಹೊಳೆಯುತ್ತಿತ್ತು.

ಅವರು ತೀರಿಕೊಂಡು ಒಂದು ತಿಂಗಳಾಯಿತು. ಅವರ ಹೆಂಡತಿ ಯಾರ ಕೈಯಲ್ಲೋ ನನ್ನ ನಂಬರು ಹುಡುಕಿಸಿ ಫೋನ್ ಮಾಡಿಸಿದ್ದರು. "ನಿನ್ನ ಕೇಳ್ತಾನೇ ಇದ್ರು ಕಣವ್ವಾ, ಆ ಕಂಪ್ಯೂಟ್ರು ಉಡುಗಿ ಎಲ್ಲವ್ಳೆ ಅಂತ" ಅಂದರು. ನಾನಿರುವುದು ಹೊಸೂರಿನಲ್ಲಿ. ಅಲ್ಲಿಂದ ಅವರ ಊರ ಕಡೆಯ ಪೆನ್ನಾಗರಂ ಅರ್ಧ ದಿನದ ದಾರಿಯೂ ಅಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಅರ್ಧ ದಿನ ನನಗೆ ಬಿಡುವಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ಬರೆಯೋಣವೆಂದು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ನಾನು ಕರೆಯುತ್ತಿದ್ದುದು ಡ್ರೈವರಣ್ಣ ಅಂತ.

ತೊಂಬತ್ತರ ದಶಕ ಮುಗಿಯಲು ಬಂದಿತ್ತು. ಹೊಸೂರು ಕಡೆಯ ಕನ್ನಡ ಶಾಲೆಯಲ್ಲಿ ಓದಿ, ಸೇಲಂನಲ್ಲಿ ಡಿಪ್ಲೊಮಾ ಮುಗಿಸಿ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮಹಡಿ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಸ್ಕ್ರೂಡ್ರೈವರ್ ಹಿಡಿದ ಹೆಂಗಸನ್ನು ನೋಡಲೆಂದೇ ಕೆಲವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಅದಕ್ಕೆ ನಾನು ಬೆಳಗಿನಿಂದ ಸಂಜೆಯ ತನಕ ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದೆ. ಒಂದು ತಪ್ಪು ಮಾಡಿದರೂ "ಹೆಂಗಸಿನ ಕೈ" ಅನ್ನುತ್ತಾರೆಂಬ ಹೆದರಿಕೆ ಬೇರೆ.

ಅಂಗಡಿಯ ಮುಂಭಾಗದ ಒಂದು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಟ ಹಾಕಿಟ್ಟಿದ್ದೆವು. ಬಂದವರು ಆಡಿ ನೋಡಬಹುದಿತ್ತು. ಖಾಕಿ ಷರ್ಟಿನ ಒಬ್ಬರು ಮೂರು ದಿನ ಊಟದ ಹೊತ್ತಿಗೆ ಬಂದು ಬಾಗಿಲಲ್ಲೇ ನಿಂತು ಅದನ್ನು ನೋಡುತ್ತಿದ್ದರು. ತಮಿಳಿನಲ್ಲಿ ಏನು ಬೇಕೆಂದರೆ ಏನೂ ಇಲ್ಲ ಎಂದು ತಲೆಯಾಡಿಸುವರು. ನಾಲ್ಕನೆಯ ದಿನ ಆಡುತ್ತಿದ್ದ ಗಿರಾಕಿಯೊಬ್ಬ ತಿರುವಿನಲ್ಲಿ ಕಾರನ್ನು ಬಂಡೆಗೆ ಗುದ್ದಿಸಿದ. ಬಾಗಿಲಿನಿಂದ ಜೋರಾಗಿ ಕೇಳಿಸಿತು: "ಅಯ್ಯೋ ನಿನ್ ಮನೆ ಆಳಾಗ, ಗೇರ್ ಇಳಿಸ್ಲಾ!"

ಸೇಲಂಗೆ ಬಂದು ಮೂರು ವರ್ಷಕ್ಕೆ ಕನ್ನಡದ ಬೈಗುಳ ಕಿವಿಗೆ ಬಿದ್ದದ್ದು ಅದೇ ಮೊದಲು. ನಗು ತಡೆಯಲಾಗದೆ, "ಹಾಳಾಗ ಅನ್ಬೇಕು ಅಣ್ಣ, ಆಳಾಗ ಅಲ್ಲ" ಅಂದೆ. ಅವರು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿ, "ಕನ್ನಡುದೋಳಾ ನೀನು! ಎಂಥಾ ಸಿಡುಕು ಮೋರೆ ಇಟ್ಕೊಂಡಿದ್ಯವ್ವಾ" ಅಂದರು. ಹೀಗೆ ನಮ್ಮ ಪರಿಚಯ ಅವರ ಮಾತಲ್ಲಿ ನಾನು ಹುಳುಕು ಹುಡುಕುವುದರಿಂದಲೇ ಶುರುವಾಯಿತು.

ಅವರ ಬಾಯಲ್ಲಿ ಹ ಎಂಬ ಅಕ್ಷರವೇ ಇರಲಿಲ್ಲ. ಅವರ ಸೀಮೆಯ ಕನ್ನಡವೇ ಹಾಗೆ. ಹೋಗು ಅನ್ನುವುದು ಓಗು, ಹತ್ತು ಅನ್ನುವುದು ಅತ್ತು, ಹೇಳು ಅನ್ನುವುದು ಏಳು. ಶಾಲೆಯಲ್ಲಿ ಕನ್ನಡ ಕಲಿತವಳೆಂಬ ಜಂಬ ನನಗೆ. "ಹ ಎಲ್ಲಿ ಬೀಳಿಸ್ಕೊಂಡ್ರಿ ಅಣ್ಣ?" ಎಂದು ಒಮ್ಮೆ ಕೆಣಕಿದೆ.

"ಏರ್ಕಾಡ್ ಘಾಟಲ್ಲಿ ಉದುರೋಯ್ತು ಕಣವ್ವಾ. ಇಪ್ಪತ್ತೆರಡು ವರ್ಸ ಕುಲುಕಾಡಿದ್ರೆ ಇನ್ನೇನಾಯ್ತದೆ?"

ಅವರು ಪೆನ್ನಾಗರಂ ಪಕ್ಕದ ಹಳ್ಳಿಯವರು. ಮನೆತನದ ಕಸುಬು ಕುರಿ. ಅವರೊಬ್ಬರೇ ಕುರಿ ಬಿಟ್ಟು ಸ್ಟೀರಿಂಗ್ ಹಿಡಿದವರು. ಸೇಲಂನಿಂದ ಏರ್ಕಾಡಿಗೆ ಸರ್ಕಾರಿ ಬಸ್ಸು ಓಡಿಸುತ್ತಿದ್ದರು. ಕಾಫಿ ತೋಟದ ಆಳುಗಳು, ಮೆಣಸಿನ ಮೂಟೆ, ಹೊಸದಾಗಿ ಮದುವೆಯಾದ ಜೋಡಿಗಳು, ಕಿಟಕಿಯಿಂದ ತಲೆ ಹಾಕಿ ವಾಂತಿ ಮಾಡಿಕೊಳ್ಳುವ ಮಕ್ಕಳು, ಎಲ್ಲರನ್ನೂ ಹತ್ತಿಸಿ ಇಳಿಸಿದವರು. ಇಪ್ಪತ್ತು ಹೇರ್‌ಪಿನ್ ತಿರುವುಗಳಿಗೂ ತಮ್ಮದೇ ಹೆಸರಿಟ್ಟಿದ್ದರು. ಒಂದಕ್ಕೆ ಅತ್ತೆ ತಿರುವು. ಯಾಕೆ ಅಂದರೆ, "ಮುಗೀತಪ್ಪಾ ಅನ್ಕೊಂಡ್ರೆ ಮತ್ತೆ ಸುರುವಾಯ್ತದೆ" ಅನ್ನುವರು.

ನಮ್ಮ ಅಂಗಡಿಗೆ ಬರುವುದಕ್ಕೆ ಸ್ವಲ್ಪ ಮುಂಚೆ, ಒಂದು ಮಂಗಳವಾರ ಅವರಿಗೆ ಡಾಕ್ಟರ ತಪಾಸಣೆ ಆಯಿತು. ಬುಧವಾರ ಬೆಳಿಗ್ಗೆ ಡಿಪೋಗೆ ಹೋದರೆ ಅವರ ಬಸ್ಸಿಗೆ ಬೇರೆಯವರ ಹೆಸರು ಬರೆದಿತ್ತು. ಇವರಿಗೆ ಗೇಟಿನ ಬಳಿ ಒಂದು ಕುರ್ಚಿ. ಬಸ್ಸು ಹೋದ ಬಂದ ಹೊತ್ತನ್ನು ಒಳಗೆ ಕೂಗಿ ಹೇಳುವ ಕೆಲಸ. ಇದನ್ನು ಹೇಳುವಾಗ ಅವರು ಡಾಕ್ಟರು ಏನು ಕಂಡರೆಂದು ಹೇಳಲಿಲ್ಲ, ಡಿಪೋದವರನ್ನೂ ಬೈಯಲಿಲ್ಲ. ಅವರ ಸಂಕಟ ಬೇರೆಯೇ ಇತ್ತು.

"ಸೋಮವಾರದ್ದೇ ಕಡೇ ಟ್ರಿಪ್ಪು ಅಂತ ನಂಗೆ ಗೊತ್ತಾಗ್ಲಿಲ್ಲ ಕಣವ್ವಾ. ಅವತ್ತು ಒಟ್ಟೆ ಅಸಿವು ಅಂತ ಬಿರ್ರನೆ ಇಳಿಸ್ಬಿಟ್ಟೆ. ಗೊತ್ತಿದ್ರೆ ನಿಧಾನುಕ್ಕೆ ಬಂದಿರ್ತಿದ್ದೆ, ಒಂದೊಂದ್ ತಿರುವೂ ನೋಡ್ಕೊಂಡು. ಇದೇ ಕಡೇದು ಅಂತ ಗೊತ್ತಿಟ್ಕೊಂಡು ಒಂದೇ ಒಂದ್ ಟ್ರಿಪ್ ಓಡುಸ್ಬೇಕು. ಆಟದಾಗಾದ್ರೂ ಪರವಾಯಿಲ್ಲೆ."

ಅದಕ್ಕೇ ಅವರಿಗೆ ಕಂಪ್ಯೂಟರ್ ಬೇಕಾಗಿತ್ತು. ಬೇರೆ ಯಾವುದಕ್ಕೂ ಅಲ್ಲ.

ಅವರ ಕಣ್ಣಿನ ನರ ಒಣಗುತ್ತಿತ್ತು. ಪಕ್ಕದ ನೋಟ ಆಗಲೇ ಹೋಗಿತ್ತು. ಎದುರಿನದೂ ಸುತ್ತಲಿಂದ ಕಿರಿದಾಗುತ್ತಾ ಬರುತ್ತಿತ್ತು. ಒಂದು ವರ್ಷ ಸಿಕ್ಕರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರಂತೆ. ಈ ಮಾತನ್ನು ಅವರು ನನಗೆ ಹೇಳಿರಲಿಲ್ಲ, ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ನನಗೆ ತಿಳಿದದ್ದು ಕಂಪ್ಯೂಟರ್ ಜೋಡಿಸಿದ ದಿನ, ಅವರ ಹೆಂಡತಿಯಿಂದ. ಓದುವವರಿಗೆ ಈಗಲೇ ಹೇಳಿಬಿಡುತ್ತಿದ್ದೇನೆ, ಇಲ್ಲದಿದ್ದರೆ ಅವರು ಬರೀ ಹಟಮಾರಿಯಾಗಿ ಕಾಣುತ್ತಾರೆ. ನನಗೆ ಹಾಗೇ ಕಂಡಿದ್ದರು.

ಬಿಡಿಭಾಗ ಆರಿಸಲು ಕೂತ ಮೊದಲ ದಿನ ಅವರು ಕೇಳಿದ್ದು, "ಇದ್ರಾಗೆ ಬ್ರೇಕು ಯಾವ್ದು?" ಎಂದು. ಗಾಡಿ ಕೊಳ್ಳುವವನು ಮೊದಲು ಬ್ರೇಕಿಗೆ ಕೊಡಬೇಕು, ಆಮೇಲೆ ಇಂಜಿನ್ನಿಗೆ, ಮಿಕ್ಕಿದರೆ ಬಣ್ಣಕ್ಕೆ ಅನ್ನುವುದು ಅವರ ಕಟ್ಟಳೆ. ಕಂಪ್ಯೂಟರಿನಲ್ಲಿ ಬ್ರೇಕು ಎಲ್ಲಿಂದ ತರಲಿ? ಯೋಚಿಸಿ ಪವರ್ ಸಪ್ಲೈ ಅಂದೆ. ಅದು ಕೆಟ್ಟರೆ ಉಳಿದದ್ದನ್ನೆಲ್ಲ ಸುಟ್ಟುಹಾಕುತ್ತದೆ. ಸರಿ, ಮೊದಲು ಕೊಂಡದ್ದು ಅದನ್ನೇ, ನಾಲ್ಕರಲ್ಲಿ ಒಳ್ಳೆಯದನ್ನು. ಹೊರಪೆಟ್ಟಿಗೆ ಮಾತ್ರ ಮೂಲೆ ಜಜ್ಜಿಹೋದದ್ದು, ಗೋದಾಮಿನಲ್ಲಿ ಬಿದ್ದಿದ್ದದ್ದು. "ಇದ್ರ ಮ್ಯಾಲೆ ಯಾರು ಕುಂತ್ಕೋತಾರೆ, ಬುಡು" ಅಂದರು. ಈಗಲೂ ಯಾರಾದರೂ ಕಡಿಮೆ ದುಡ್ಡಿನಲ್ಲಿ ಆಟದ ಕಂಪ್ಯೂಟರ್ ಬೇಕೆಂದು ಬಂದರೆ ನಾನು ಬ್ರೇಕಿನಿಂದಲೇ ಶುರು ಮಾಡುತ್ತೇನೆ. ನನ್ನ ಗುರುಗಳು ಕಲಿಸದೇ ಇದ್ದ ಪಾಠ ಅದು.

ಮೆಮೊರಿಯ ವಿಷಯಕ್ಕೆ ದೊಡ್ಡ ವಾದವೇ ಆಯಿತು. ಹೆಚ್ಚು ಹಾಕಿಸಿದರೆ ಒಂದೇ ಸಲ ಹೆಚ್ಚು ಕೆಲಸ ಹಿಡಿಸುತ್ತದೆ ಎಂದು ವಿವರಿಸಿದೆ. "ಸೀಟು ಜಾಸ್ತಿ ಆಕುಸ್ದಂಗೆ ಅನ್ನು. ನಾನೊಬ್ನೇ ಓಗೋನು, ಸೀಟು ಯಾತಕ್ಕೆ?" ಅಂದರು. ಅದರಲ್ಲಿ ಉಳಿದದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸಿದೆವು. ರಸ್ತೆ ಚೆನ್ನಾಗಿ ಮೂಡಬೇಕಾದರೆ ಅದು ಬೇಕೇ ಬೇಕು. ಪ್ರೊಸೆಸರ್ ಮಾತ್ರ ಅದೃಷ್ಟಕ್ಕೆ ಸಿಕ್ಕಿತು. ಒಂದು ಕಚೇರಿಯವರು ಹಳೆಯ ಮಿಷನ್ನುಗಳನ್ನು ತೆಗೆಯುತ್ತಿದ್ದರು. ಅವುಗಳ ಪ್ರೊಸೆಸರುಗಳಲ್ಲಿ ಒಂದನ್ನು ಮೂಸಿ, ತೃಪ್ತಿಯಾಗಿ, ಅಂಗೈಯಲ್ಲಿಟ್ಟುಕೊಂಡು ಬಂದರು.

ಮಾನಿಟರಿನಲ್ಲಿ ನಾನು ಸೋತೆ. ಆಟಕ್ಕೆ ಹದಿನೈದು ಇಂಚಿನದೇ ಸರಿ ಎಂದು ನಾನೂ ಮಾಲೀಕರೂ ಎಷ್ಟು ಹೇಳಿದರೂ ಅವರು ಹದಿನಾಲ್ಕರದನ್ನೇ ಹಿಡಿದು ಕೂತರು. "ನಂಗೆ ಅಗಲ ಬ್ಯಾಡ ಕಣವ್ವಾ, ನೇರುಕ್ಕೆ ಕಂಡ್ರೆ ಸಾಕು" ಅಂದರು. ನಾನು ಎಲ್ಲರೆದುರಿಗೆ, "ಒಂದಿಂಚಿಗೆ ಇಷ್ಟು ಜಿಪುಣತನಾನಾ ಅಣ್ಣ?" ಅಂದುಬಿಟ್ಟೆ. ಅವರು ನಕ್ಕು, ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಗೋಡೆಗೆ ಒಂದು ಕೈ ತಾಗಿಸಿಕೊಂಡು ಮೆಟ್ಟಿಲಿಳಿದರು. ಗೋಡೆ ಯಾಕೆ ಹಿಡಿದುಕೊಳ್ಳುತ್ತಾರೆಂದು ನಾನು ಕೇಳಿಕೊಳ್ಳಲಿಲ್ಲ.

ಉಳಿದದ್ದು ಮದರ್‌ಬೋರ್ಡು, ಎಲ್ಲವೂ ಕೂರುವ ಹಲಗೆ. ಸಿಕ್ಕಿದ್ದ ಪ್ರೊಸೆಸರಿಗೆ ಹೊಂದುವ ಬಗೆಯದೇ ಬೇಕು. ಆ ಬಗೆಗೆ ಸಾಕೆಟ್ ಏಳು ಎಂದು ಹೆಸರು, ಏಳು ಎಂಬುದು ಅಂಕಿ. ಸೇಲಂನಲ್ಲಿ ಸಿಕ್ಕಿದ್ದು ಅವರ ಕೈಗೆಟುಕಲಿಲ್ಲ. ಬಸ್ಸಿನ ನೌಕರರಿಗೆ ಪಾಸ್ ಇತ್ತಲ್ಲ, ಮದ್ರಾಸಿಗೇ ಹೋಗಿ ತರುತ್ತೇನೆ ಅಂದರು. ಏನು ಬೇಕೆಂದು ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ನನ್ನ ಅಕ್ಷರ ಸಣ್ಣದು, ದುಂಡನೆಯದು, ಅದಕ್ಕೂ ನನಗೆ ಜಂಬವಿತ್ತು. ಅವರು ಚೀಟಿಯನ್ನು ನೋಡದೆ ಮಡಚಿ ಜೇಬಿಗಿಟ್ಟುಕೊಂಡರು.

ಶನಿವಾರ ಮಧ್ಯಾಹ್ನ, ಅಂಗಡಿ ತುಂಬ ಜನ ಇದ್ದಾಗ, ಎಸ್‌ಟಿಡಿ ಬೂತಿನಿಂದ ಅವರ ಫೋನ್ ಬಂತು. ಹಿಂದೆ ಬಸ್ಸಿನ ಹಾರನ್ನು, ಲೈನಿನಲ್ಲಿ ಕರಕರ.

"ಬೋರ್ಡು ಕೈಯಾಗೈತೆ ಕಣವ್ವಾ. ಒಳ್ಳೇ ಮಾಲು ಅಂತಾನೆ ಅಂಗಡಿಯವ್ನು. ಸಾಕೆಟ್ ಏಳವ್ವಾ... ಸಾಕೆಟ್ ಏಳು!"

"ಹ್ಞೂಂ ಅಣ್ಣ, ಅದೇ, ಸರಿಯಾಗಿದೆ. ತಗೊಂಡು ಬನ್ನಿ" ಎಂದು ಫೋನ್ ಇಟ್ಟೆ.

ಸೋಮವಾರ ಅವರು ಟವಲಿನಲ್ಲಿ ಸುತ್ತಿ ತಂದದ್ದನ್ನು ಬಿಚ್ಚಿದೆ. ಆಗಷ್ಟೇ ಬಂದಿದ್ದ ಬೇರೆ ಬಗೆಯ ಬೋರ್ಡು. ಅದರಲ್ಲಿ ಪ್ರೊಸೆಸರ್ ಮಲಗುವುದಿಲ್ಲ, ಉದ್ದನೆಯ ಸಂದಿನಲ್ಲಿ ನಿಂತುಕೊಳ್ಳುತ್ತದೆ. ಇವರ ಬಳಿಯಿದ್ದ ಪ್ರೊಸೆಸರ್ ಅದಕ್ಕೆ ಯಾವ ಕಾರಣಕ್ಕೂ ಕೂರುವಂತಿರಲಿಲ್ಲ.

"ಏನಣ್ಣ ಇದು! ಫೋನಲ್ಲಿ ಏಳು ಅಂದ್ರಲ್ಲ?"

"ಔದು, ಏಳು ಅಂದೆ. ಒಂದ್ಸಲ ಅಲ್ಲ, ಎರಡ್ಸಲ ಅಂದೆ. ನೀನು ಏಳ್ನೇ ಇಲ್ಲ, ಸರಿ, ತಗೊಂಡ್ ಬನ್ನಿ ಅಂದ್ಬುಟ್ಟೆ."

ಆಗ ನನಗೆ ಅರ್ಥವಾಯಿತು. ಅವರು ಸಾಕೆಟ್ ಯಾವುದು ಹೇಳು ಎಂದು ಕೇಳಿದ್ದರು. ಚೀಟಿಯ ಸಣ್ಣ ಅಕ್ಷರ ಅವರಿಗೆ ಕಂಡಿರಲಿಲ್ಲ, ಅದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅಂಗಡಿಯವನ ಕೈಯಲ್ಲಿ ಓದಿಸಲು ಮನಸ್ಸು ಬಂದಿರಲಿಲ್ಲ. ಅದಕ್ಕೇ ಫೋನ್ ಮಾಡಿದ್ದರು. ಹೇಳು ಅನ್ನುವುದು ಅವರ ಬಾಯಲ್ಲಿ ಏಳು ಆಗುತ್ತದೆಂದು ಇಡೀ ಸೇಲಂನಲ್ಲಿ ಚೆನ್ನಾಗಿ ಗೊತ್ತಿದ್ದವಳು ನಾನೊಬ್ಬಳೇ. ದಿನಾ ಅದನ್ನೇ ಆಡಿಕೊಂಡು ನಗುತ್ತಿದ್ದವಳೂ ನಾನೇ. ಆ ಒಂದು ದಿನ ಅದು ನನಗೆ ಅಂಕಿಯಾಗಿ ಕೇಳಿಸಿತು.

ಇದನ್ನು ಅವರಿಗೆ ಬಾಯಿಬಿಟ್ಟು ಹೇಳಬಹುದಿತ್ತು. ಅಷ್ಟರಲ್ಲಿ ಮಾಲೀಕರು ಒಳಗಿನಿಂದ ಬಂದು, "ಎನ್ನಮ್ಮಾ ಆಚ್ಚು?" ಅಂದರು, ಏನಾಯಿತಮ್ಮಾ ಅಂತ. ನಾನು ತಮಿಳಿನಲ್ಲಿ, ಅಣ್ಣನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸಿಲ್ಲ, ತಪ್ಪು ಬೋರ್ಡು ತಂದುಬಿಟ್ಟಿದ್ದಾರೆ ಅಂದೆ. ನಾಲಿಗೆಗೆ ಒಂದು ಕ್ಷಣವೂ ತಡೆ ಬರಲಿಲ್ಲ. ಡ್ರೈವರಣ್ಣ ನನ್ನ ಮುಖ ನೋಡಿದರು. ಆಮೇಲೆ ಮಾಲೀಕರ ಕಡೆ ತಿರುಗಿ, "ಆಮಾ ಸಾರ್, ಬಸ್ ಸತ್ತಂ ಜಾಸ್ತಿ" ಅಂದರು. ಹೌದು ಸಾರ್, ಬಸ್ಸಿನ ಸದ್ದು ಜಾಸ್ತಿಯಿತ್ತು ಅಂತ.

ಮದ್ರಾಸಿನ ಅಂಗಡಿಯವನು ಬೋರ್ಡನ್ನು ವಾಪಸು ತೆಗೆದುಕೊಳ್ಳಲಿಲ್ಲ. ಯಾರಿಗಾದರೂ ಮಾರಿಸಿಕೊಡುತ್ತೇನೆಂದು ನಾನು ಮಾತು ಕೊಟ್ಟೆ. ಆಯುಧಪೂಜೆಗೆ ಮುಂಚಿನ ಮಾತು ಇದು. ಅವರು ವಾರಕ್ಕೊಮ್ಮೆ ಬಂದು, ಬಾಗಿಲಲ್ಲಿ ನಿಂತು, "ಏನಾದ್ರೂ ಆಯ್ತಾ ಕಣವ್ವಾ?" ಅನ್ನುವರು. ಇಲ್ಲ ಅಣ್ಣ, ವಿಚಾರಿಸ್ತಾ ಇದ್ದೀನಿ ಅನ್ನುತ್ತಿದ್ದೆ. ನಾನು ಇಬ್ಬರನ್ನು ಕೇಳಿದ್ದೆ, ಅಷ್ಟೇ. ಅವರನ್ನು ಕಂಡರೆ ನನ್ನ ಸುಳ್ಳು ನೆನಪಾಗುತ್ತಿತ್ತು. ಹಾಗಾಗಿ ಅವರು ಬೇಗ ಹೋದರೆ ಸಾಕು ಅನ್ನಿಸುತ್ತಿತ್ತು. ಕೆಲಸ ತುಂಬಾ ಇತ್ತು ಎಂದು ಈಗ ಸಮಾಧಾನ ಹೇಳಿಕೊಳ್ಳಲು ನೋಡುತ್ತೇನೆ. ಕೆಲಸ ಯಾವಾಗಲೂ ಇರುತ್ತದೆ. ದೀಪಾವಳಿ ಕಳೆದ ಮೇಲೆ ಅವರು ಬರುವುದು ನಿಂತಿತು. ಮಾರ್ಗಳಿ ತಿಂಗಳಲ್ಲಿ, ಅಂದರೆ ಧನುರ್ಮಾಸದಲ್ಲಿ, ಯಾರದೋ ಕೆಟ್ಟ ಮಿಷನ್ನಿನಲ್ಲಿ ಆ ಬೋರ್ಡಿಗೆ ಹೊಂದುವ ಪ್ರೊಸೆಸರ್ ನನ್ನ ಕಣ್ಣಿಗೆ ಬಿತ್ತು. ತೆಗೆದಿಟ್ಟುಕೊಂಡು ಡಿಪೋಗೆ ಹೇಳಿಕಳಿಸಿದೆ. ರಜೆಯ ಮೇಲಿದ್ದಾರೆ ಅಂದರು.

ಪೊಂಗಲ್ ಮುಗಿದ ವಾರ ಆ ಪ್ರೊಸೆಸರ್ ಹಿಡಿದುಕೊಂಡು ನಾನೇ ಅವರ ಊರಿಗೆ ಹೋದೆ. ಆ ಬೋರ್ಡೂ ಸೇರಿ ಸಾಮಾನೆಲ್ಲ ಅವರ ಮನೆಯಲ್ಲಿತ್ತು. ಕುರಿ ಹಟ್ಟಿಗೆ ಅಂಟಿಕೊಂಡ ಕೋಣೆಯಲ್ಲಿ, ಹದಿನಾಲ್ಕು ಇಂಚಿನ ಮಾನಿಟರಿಗೆ ಕುಂಕುಮ ಇಟ್ಟು, ಟವಲು ಹೊದಿಸಿದ್ದರು. 'ಬಾರವ್ವಾ' ಎಂದು ಎದ್ದುಬಂದ ಅವರ ಕಣ್ಣು ನನ್ನ ಹೆಗಲಾಚೆ ಎಲ್ಲೋ ನೆಟ್ಟಿತ್ತು. ಒಲೆಯ ಬಳಿ ಅವರ ಹೆಂಡತಿ ಮೆಲ್ಲಗೆ ಎಲ್ಲವನ್ನೂ ಹೇಳಿದರು.

"ಆಯುಧಪೂಜೇಲಿ ಚೆನ್ನಾಗೇ ಇತ್ತು. ಟೀವಿ ನೋಡೋರು. ದೀಪಾವಳಿ ಆದ್ಮೇಲೆ ಬೇಗ ಬೇಗ ಓಯ್ತು ಕಣವ್ವಾ. ಈಗ ಬೆಳಕು ಗೊತ್ತಾಯ್ತದೆ, ಅಷ್ಟೇ. ನೀನು ಬತ್ತೀಯ, ನೀನೇ ಜೋಡುಸ್ಬೇಕು ಅಂತ ಯಾರ್ಗೂ ಮುಟ್ಟುಸ್ಲಿಲ್ಲ."

ನಾನು ಹೋಗಿ ಜೋಡಿಸಲು ಕೂತೆ. ಸ್ಕ್ರೂಗಳು ಕೈಜಾರಿ ಬೀಳುತ್ತಿದ್ದವು. ಅವರು ಪಕ್ಕದಲ್ಲಿ ಕೂತು ನೆಲ ತಡವಿ ಒಂದೊಂದನ್ನೇ ಹುಡುಕಿ ಕೊಡುತ್ತಿದ್ದರು.

ಸಂಜೆಯ ಹೊತ್ತಿಗೆ ಕಂಪ್ಯೂಟರ್ ಶುರುವಾಯಿತು. ಆಟ ಹಾಕಿಕೊಟ್ಟೆ. ಬಾಣದ ಗುರುತಿನ ಕೀಲಿಗಳ ಮೇಲೆ ಅವರ ಬೆರಳಿಟ್ಟೆ. ಕಾರು ಹೊರಟು, ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿತು. ಮತ್ತೆ ಹೊರಡಿಸಿದೆ. ಮತ್ತೆ ಗುದ್ದಿತು. ಐದನೆಯ ಸಲ ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಕೈ ಮರ್ತೋಗೈತೆ, ಸ್ವಲ್ಪ ಸುಧಾರಿಸ್ಕೋತೀನಿ" ಅಂದರು. ನಾನು ಹಿಂದೆ ವೈರುಗಳನ್ನು ಕಟ್ಟಲು ಬಗ್ಗಿದೆ.

ಯಾರೂ ಆಡದೆ ಸ್ವಲ್ಪ ಹೊತ್ತು ಬಿಟ್ಟರೆ ಆ ಆಟ ನೋಡುವವರಿಗಾಗಿ ತಾನೇ ಒಂದು ಓಟ ಓಡಿಸಿ ತೋರಿಸುತ್ತದೆ. ಎಂಟರ್ ಕೀಲಿ ಒತ್ತಿದರೆ ಮಾತ್ರ ಅದು ನಿಲ್ಲುವುದು. ಬಾಣದ ಕೀಲಿಗಳನ್ನು ಎಷ್ಟು ಒತ್ತಿದರೂ ಅದಕ್ಕೆ ಗೊತ್ತಾಗುವುದಿಲ್ಲ. ನಾನು ತಲೆಯೆತ್ತಿ ನೋಡುವಾಗ ಇಂಜಿನ್ನಿನ ಸದ್ದು ಕೇಳಿ ಅವರು ಮತ್ತೆ ಕೀಲಿಗಳ ಮೇಲೆ ಕೈಯಿಟ್ಟಿದ್ದರು. ಪರದೆಯ ಮೇಲೆ ಕಾರು ಬೆಟ್ಟದ ರಸ್ತೆಯಲ್ಲಿ ನುಣ್ಣಗೆ ತಿರುಗುತ್ತಾ ಹೋಗುತ್ತಿತ್ತು. ಅವರ ಮುಖ ಅರಳಿತ್ತು. ಮೈ ಎಡಕ್ಕೆ ಬಲಕ್ಕೆ ವಾಲುತ್ತಿತ್ತು.

"ಬಂತು ನೋಡವ್ವಾ! ಎಲ್ಲಾದ್ರೂ ಉಜ್ಜಿತಾ, ಏಳು?"

"ಇಲ್ಲ ಅಣ್ಣ" ಅಂದೆ. "ಎಲ್ಲೂ ಉಜ್ಜಲಿಲ್ಲ."

ಅಷ್ಟರಲ್ಲಿ ಅವರ ಹೆಂಡತಿ ಟೀ ತಂದು ಕೈಗೆ ಕೊಟ್ಟರು. ಅವರು ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಒಂದು ಗುಟುಕು ಕುಡಿದರು. ಕಾರು ಇನ್ನೊಂದು ತಿರುವಿಗೆ ಬಂತು. ಸದ್ದು ತಗ್ಗಿತು, ಗೇರು ಇಳಿಯಿತು, ತಿರುವು ದಾಟಿ ಮತ್ತೆ ಏರಿತು. ಅವರ ಕೈ ಲೋಟದ ಮೇಲೇ ಇತ್ತು. ಇಪ್ಪತ್ತೆರಡು ವರ್ಷ ಇಂಜಿನ್ನಿನ ಸದ್ದು ಕೇಳಿದವರಿಗೆ ಅದು ಗೊತ್ತಾಗದೆ ಇರುತ್ತದೆಯೇ? ಲೋಟ ತುಟಿಯ ಹತ್ತಿರವೇ ನಿಂತಿತು.

ಅವರು ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟರು. ಟವಲಿನಿಂದ ಬಾಯಿ ಒರೆಸಿಕೊಂಡು, ನೆಟ್ಟಗೆ ಕೂತು, ಎರಡೂ ಕೈಯನ್ನು ಮತ್ತೆ ಕೀಲಿಗಳ ಮೇಲಿಟ್ಟರು. ಆಮೇಲೆ ಓಟ ಮುಗಿಯುವವರೆಗೂ ತೆಗೆಯಲಿಲ್ಲ. ಪ್ರತಿ ತಿರುವಿಗೂ ಸದ್ದು ತಗ್ಗುವುದನ್ನು ಕಾದು, ಅದರ ಜೊತೆಗೇ ಬೆರಳು ಒತ್ತುತ್ತಾ, ನಿಧಾನವಾಗಿ ಬಂದರು. ಸದ್ದು ಪೂರ್ತಿ ನಿಂತ ಮೇಲೆ ಎಡಗೈಯಿಂದ ಗಾಳಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ತಲೆ ಅರ್ಧ ಹಿಂದಕ್ಕೆ ತಿರುಗಿಸಿ, ಪ್ರಯಾಣಿಕರಿಗೆ ಹೇಳುವಂತೆ ತಮಿಳಿನಲ್ಲಿ ಹೇಳಿದರು: "ಸೇಲಂ ವಂದಾಚ್ಚು. ಎಲ್ಲಾರುಂ ಇರಂಗುಂಗೊ."

ಸೇಲಂ ಬಂತು, ಎಲ್ಲರೂ ಇಳಿಯಿರಿ ಅಂತ. ನೆಲದ ಮೇಲೆ ಕೂತಿದ್ದ ನಾನು ಎದ್ದು ನಿಂತೆ.